ಬೋನ್ಸಾಯ್ ಕವಿತೆ ಬರೆಯುವ ಮುನ್ನ ಒಂದು ಗಿಡವನ್ನಾದರೂ ಸಾಯಿಸಿ ನೋಡಿ

ಕಳೆದ ನವೆಂಬರಿನಲ್ಲಿ ಪುಣೆಯ ಒಂದು ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಹೋಗಿದ್ದೆ. ಊಟಕ್ಕೆ ಮುಂಚೆ ಕವಿಗೋಷ್ಠಿ. ಏಳು ಜನ ಓದಿದರು. ಏಳರಲ್ಲಿ ಮೂರು ಕವಿತೆಗಳಲ್ಲಿ ಬೋನ್ಸಾಯ್ ಇತ್ತು. ಮೂರರಲ್ಲೂ ಅದೇ ಕಥೆ: ತಾಯಿಬೇರು ಕತ್ತರಿಸಿದರು, ತಂತಿ ಬಿಗಿದರು, ಅಂಗೈಯಗಲದ ಕುಂಡದಲ್ಲಿ ಕೂರಿಸಿದರು, ನಾನು ಆಲವಾಗಬೇಕಿತ್ತು, ಡ್ರಾಯಿಂಗ್ ರೂಮಿನ ಅಲಂಕಾರವಾದೆ. ಕೊನೆಗೆ ಊರು, ಅವ್ವ, ಮಣ್ಣು. ಸಭೆ ಚಪ್ಪಾಳೆ ತಟ್ಟಿತು. ಓದಿದವರಲ್ಲಿ ಒಬ್ಬರು ಬಾನೇರಿನಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟ್ ಕೊಂಡವರು, ಇನ್ನೊಬ್ಬರು ವರ್ಷಕ್ಕೆ ಎರಡು ಸಲ ವಿದೇಶಕ್ಕೆ ಹೋಗಿ ಬರುವವರು. ಇರಲಿ, ಫ್ಲ್ಯಾಟ್ ಇದ್ದವರಿಗೆ ದುಃಖ ಇರಬಾರದು ಎಂದು ನಾನು ಹೇಳುವುದಿಲ್ಲ.

ನನ್ನ ಪಕ್ಕದಲ್ಲಿ ಮಗಳು ಕೂತಿದ್ದಳು. ಹದಿಮೂರು ವರ್ಷ. ಹುಟ್ಟಿದ್ದು ಪುಣೆಯಲ್ಲಿ, ಓದುತ್ತಿರುವುದು ಪುಣೆಯಲ್ಲಿ. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಮೂರನೆಯ ಕವಿತೆ ಮುಗಿದಾಗ ನನ್ನ ಕಿವಿಯ ಹತ್ತಿರ ಬಂದು, "ಅಪ್ಪಾ, ಅವರು ಹೇಳ್ತಿರೋದು ನನ್ನ ಬಗ್ಗೆನಾ?" ಎಂದು ಕೇಳಿದಳು. ಕುಂಡದಲ್ಲಿ ಹುಟ್ಟಿದ ಪೀಳಿಗೆ ಎಂದೇನೋ ಆ ಕವಿತೆಯ ಕೊನೆಗೆ ಬಂದಿತ್ತು. ಬೆಳವಣಿಗೆ ನಿಂತುಹೋದ ಮಕ್ಕಳು ಎನ್ನುವ ಅರ್ಥದಲ್ಲಿ.

ಅವತ್ತಿನಿಂದ ಈ ಲೇಖನ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೇನೆ. ಏಕೆಂದರೆ ನನ್ನ ಬಾಲ್ಕನಿಯಲ್ಲಿ ಈಗ ಹನ್ನೊಂದು ಬೋನ್ಸಾಯ್‌ಗಳಿವೆ. ಇವಕ್ಕಿಂತ ಮೊದಲು ಸತ್ತವು ಎಂಟು. ಆರು ವರ್ಷವಾದರೂ ನಾನು ಇನ್ನೂ ಕಲಿಯುವವನೇ. ಆದರೆ ಆ ಮೂವರಲ್ಲಿ ಒಬ್ಬರೂ ಬೋನ್ಸಾಯ್ ಗಿಡಕ್ಕೆ ಒಂದು ಲೋಟ ನೀರನ್ನೂ ಹಾಕಿದವರಲ್ಲ ಎಂದು ಹೇಳುವಷ್ಟು ಅನುಭವ ನನಗಾಗಿದೆ.

ಮೊದಲು ಗಿಡದ ವಿಷಯ. ಬೋನ್ಸಾಯ್ ಎಂಬುದು ಯಾವುದೋ ಕುಬ್ಜ ತಳಿ ಅಲ್ಲ. 'ಬೋನ್' ಎಂದರೆ ಆಳವಿಲ್ಲದ ತಟ್ಟೆ, 'ಸಾಯ್' ಎಂದರೆ ನೆಡುವುದು. ಚೀನಾದ ಪೆನ್‌ಜಿಂಗ್‌ನಿಂದ ಜಪಾನಿಗೆ ಹೋದ ಕಲೆ. ಕುಂಡದಲ್ಲಿರುವ ಹುಣಸೆಯ ಬೀಜಕ್ಕೂ ಹೊಲದ ಬದುವಿನ ಹುಣಸೆಯ ಬೀಜಕ್ಕೂ ವ್ಯತ್ಯಾಸವಿಲ್ಲ. ಅಷ್ಟೇ ಏಕೆ, ಇಪ್ಪತ್ತು ವರ್ಷ ತಟ್ಟೆಯಲ್ಲಿದ್ದ ಮರವನ್ನೇ ತೆಗೆದು ನೆಲಕ್ಕೆ ನೆಟ್ಟರೆ ಅದು ಮತ್ತೆ ಎತ್ತರಕ್ಕೆ ಹೊರಡುತ್ತದೆ. ನಮ್ಮಲ್ಲಿ ಇದನ್ನು 'ವಾಮನ ವೃಕ್ಷ' ಎಂದು ಕರೆಯುವವರಿದ್ದಾರೆ. ಕರೆಯಲಿ, ಆದರೆ ವಾಮನನ ಕಥೆಯ ಅರ್ಧವನ್ನೇ ನೆನಪಿಟ್ಟುಕೊಂಡು ಅಳುವುದು ಸರಿಯಲ್ಲ. ಮೂರನೆಯ ಹೆಜ್ಜೆ ಎಲ್ಲಿಟ್ಟ ಎನ್ನುವುದೂ ಅದೇ ಕಥೆಯಲ್ಲಿದೆ.

ಇನ್ನು ತಾಯಿಬೇರು. ಈ ಪದ ಕೇಳಿದ ಕೂಡಲೇ ನಮ್ಮ ಕವಿಗಳ ಕಣ್ಣು ತುಂಬುತ್ತದೆ, ಏಕೆಂದರೆ ಅದರಲ್ಲಿ 'ತಾಯಿ' ಇದ್ದಾಳೆ. ಗಿಡದ ಲೆಕ್ಕ ಬೇರೆ. ನೀರು, ಗೊಬ್ಬರ ಹೀರುವುದು ಬಹುಪಾಲು ಕೂದಲಿನಂಥ ಸಣ್ಣ ಬೇರುಗಳು. ತಾಯಿಬೇರಿನ ತುದಿ ಕತ್ತರಿಸಿದರೆ ಬುಡದ ಸುತ್ತ ಈ ಸಣ್ಣ ಬೇರುಗಳು ಒತ್ತೊತ್ತಾಗಿ ಒಡೆಯುತ್ತವೆ. ಚಿಕ್ಕಮಗಳೂರು, ಕೊಡಗಿನ ಕಡೆಯವರು ಈ ಪತ್ರಿಕೆಯ ಓದುಗರಲ್ಲಿ ಇರಬೇಕು, ಅವರನ್ನೇ ಕೇಳಿ: ಕಾಫಿ ಸಸಿಯನ್ನು ಪಾಲಿಥೀನ್ ಚೀಲದಿಂದ ತೆಗೆದು ನೆಡುವಾಗ ಸುರುಳಿ ಸುತ್ತಿದ ತಾಯಿಬೇರಿನ ತುದಿಯನ್ನು ಕತ್ತರಿಸಿಯೇ ನೆಡುತ್ತಾರೆ. ಆಮೇಲೆ ಅದರ ತಲೆ ಕತ್ತರಿಸುತ್ತಾರೆ, ವರ್ಷ ವರ್ಷ ಕಸಿ ಮಾಡುತ್ತಾರೆ, ಚಿಗುರು ತೆಗೆಯುತ್ತಾರೆ, ಮೇಲಿನ ನೆರಳಿನ ಮರಗಳಿಗೆ ಮರಗಸಿ ಮಾಡುತ್ತಾರೆ. ಚಹಾ ಗಿಡದ ಕಥೆ ಇನ್ನೂ ಜೋರು. ಬಿಟ್ಟರೆ ಎರಡಾಳೆತ್ತರ ದಾಟುವ ಮರವನ್ನು ಮುನ್ನಾರಿನಲ್ಲಿ, ನೀಲಗಿರಿಯಲ್ಲಿ ದಶಕಗಟ್ಟಲೆ ಸೊಂಟದ ಮಟ್ಟಕ್ಕೆ ಸವರಿ ನಿಲ್ಲಿಸಿದ್ದಾರೆ. ರಾಮನಗರ, ಚಿಕ್ಕಬಳ್ಳಾಪುರದ ಕಡೆ ಹಿಪ್ಪುನೇರಳೆಯನ್ನು ಬುಡದವರೆಗೆ ಕತ್ತರಿಸಿ ಹುಳುವಿಗೆ ಹಾಕುತ್ತಾರೆ, ಅದೂ ಬಿಟ್ಟರೆ ಮರವೇ. ರೇಷ್ಮೆ ಸೀರೆ ಉಟ್ಟು, ಗೋಷ್ಠಿ ಮುಗಿದ ಮೇಲೆ ಕಾಫಿ ಕುಡಿಯುತ್ತ, ಬೋನ್ಸಾಯ್‌ಗೆ ಮರುಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಾನು ಶಿರಸಿ ಸೀಮೆಯವನು. ನಮ್ಮಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಇರುತ್ತದೆ. ಮತ್ತಿ, ನೇರಳೆ ಮರಗಳನ್ನು ಹತ್ತಿ ಸೊಪ್ಪು ಕಡಿದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವುದು ಪದ್ಧತಿ. ಕಡಿಯಲು ಗೊತ್ತಿದ್ದವನ ಬೆಟ್ಟದಲ್ಲಿ ಮರ ವರ್ಷ ವರ್ಷ ಚಿಗುರುತ್ತದೆ, ಗೊತ್ತಿಲ್ಲದವನ ಬೆಟ್ಟ ಬೋಳಾಗುತ್ತದೆ. ಅಂಥ ಬೋಳು ಬೆಟ್ಟಗಳೂ ನಮ್ಮಲ್ಲಿ ಬೇಕಾದಷ್ಟಿವೆ, ಸುಳ್ಳು ಹೇಳುವುದಿಲ್ಲ. ಎರಡು ವರ್ಷದ ಹಿಂದೆ ಅಪ್ಪಯ್ಯ ಪುಣೆಗೆ ಬಂದಿದ್ದ. ತಂತಿ ಸುತ್ತಿದ ಬಸರಿ ಗಿಡವನ್ನು ಅವನಿಗೆ ತೋರಿಸಲು ನನಗೆ ಒಳಗೊಳಗೇ ಅಳುಕು. ಬೆಟ್ಟದ ಮನುಷ್ಯ, ಇದೇನು ಹಿಂಸೆ ಅಂದುಬಿಟ್ಟರೆ? ಅವನು ಕನ್ನಡಕ ಏರಿಸಿಕೊಂಡು ಸುತ್ತ ನೋಡಿದ. "ತಮಾ, ಒಳಗಿನ ಚಿಗುರು ಎಂತಕ್ಕೆ ಬಿಟ್ಗಂಡು ಕುಂತಿದ್ದೆ? ತೆಗಿ. ಬೆಳಕು ಹೋಗಡ್ದಾ?" ಅಂದ. ಕತ್ತರಿ ಕೇಳಿ ಇಸಿದುಕೊಂಡು ತಾನೇ ನಾಲ್ಕು ತೆಗೆದ. ಅವನಿಗೆ ಅದು ಅಡಿಕೆ ತೋಟದ ಪಕ್ಕದ ಮರದಂತೆ ಇನ್ನೊಂದು ಮರ, ಅಷ್ಟೇ. ರೂಪಕವಾಗಿ ಕಾಣಲಿಲ್ಲ.

ಗಿಡಕ್ಕೆ ಗಾಯ ಗೊತ್ತಾಗುತ್ತದೆಯೇ ಎಂದರೆ ಗೊತ್ತಾಗುತ್ತದೆ, ಅದಕ್ಕೆ ಪ್ರತಿಕ್ರಿಯಿಸುತ್ತದೆ, ತೊಗಟೆ ಸುತ್ತಿ ಮುಚ್ಚಿಕೊಳ್ಳುತ್ತದೆ. ಆದರೆ ನರಮಂಡಲವಿಲ್ಲ, ಮಿದುಳಿಲ್ಲ. ನಮ್ಮ ಊರಿನ ನೆನಪನ್ನು ಅದರ ಬಾಯಿಗೆ ತುರುಕುವುದು ನಾವು.

ಹಾಗಾದರೆ ಬೋನ್ಸಾಯ್ ಹೆಸರಿನಲ್ಲಿ ಹಿಂಸೆ ನಡೆಯುತ್ತಲೇ ಇಲ್ಲವೇ? ನಡೆಯುತ್ತಿದೆ, ಧಾರಾಳವಾಗಿ. ಅದು ಅಂಗಡಿಯಲ್ಲಿ, ಆಫೀಸಿನ ಮೇಜಿನ ಮೇಲೆ. ಅದರ ಬಗ್ಗೆ ಯಾರೂ ಕವಿತೆ ಬರೆಯುವುದಿಲ್ಲ.

2019ರಲ್ಲಿ ಒಂದು ಪ್ರಾಜೆಕ್ಟ್ ಮುಗಿದ ಖುಷಿಗೆ ನನ್ನ ಟೀಮಿನ ಹುಡುಗರು ನನಗೊಂದು ಜೂನಿಪರ್ ತಂದುಕೊಟ್ಟರು. ಚೀಟಿಯಲ್ಲಿ 'ಇಂಡೋರ್ ಬೋನ್ಸಾಯ್, ವಾರಕ್ಕೊಮ್ಮೆ ನೀರು' ಎಂದಿತ್ತು. ಏಸಿ ಗಾಳಿಗೆ ಎದುರಾಗಿ, ಕಿಟಕಿಯಿಂದ ಮೂವತ್ತು ಅಡಿ ದೂರದಲ್ಲಿ, ಮಾನಿಟರಿನ ಪಕ್ಕ ಇಟ್ಟೆ. ಜೂನಿಪರ್ ತೆರೆದ ಬಿಸಿಲಿನ ಮರ. ಅದರ ಇನ್ನೊಂದು ಗುಣ ಆಗ ನನಗೆ ಗೊತ್ತಿರಲಿಲ್ಲ: ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಕಾಣುತ್ತದೆ. ನಾನು ಸುಮಾರು ಒಂದು ತಿಂಗಳು ಹೆಣಕ್ಕೆ ನೀರು ಹಾಕಿದೆ. ಬಂದವರೆಲ್ಲ "ಎಷ್ಟು ಚೆನ್ನಾಗಿ ನೋಡ್ಕೊಂಡಿದೀರಿ ಸರ್" ಎಂದರು. ಸ್ಟೇಟಸ್ ರಿಪೋರ್ಟಿನಲ್ಲಿ ಹಸಿರು, ಒಳಗೆ ಎಲ್ಲ ಮುಗಿದಿದೆ. ನಮ್ಮ ಕ್ಷೇತ್ರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

'ಜಿನ್ಸೆಂಗ್ ಬೋನ್ಸಾಯ್' ಎಂದು ಮಾಲ್‌ಗಳಲ್ಲಿ ಮಾರುತ್ತಾರಲ್ಲ, ಗೆಣಸಿನಂಥ ದಪ್ಪ ಕಾಲು, ತಲೆಯ ಮೇಲೆ ಒಂದು ಮುಷ್ಟಿ ಎಲೆ, ಅದಕ್ಕೂ ಜಿನ್ಸೆಂಗ್‌ಗೂ ಸಂಬಂಧವಿಲ್ಲ. ಅದು ಫೈಕಸ್ ಮೈಕ್ರೋಕಾರ್ಪಾ. ಊದಿಸಿದ ಬೇರಿನ ಮೇಲೆ ಸಣ್ಣೆಲೆಯ ಇನ್ನೊಂದು ಫೈಕಸ್ಸಿನ ರೆಂಬೆ ಕಟ್ಟಿರುತ್ತಾರೆ. ಪಾಪ, ಗಟ್ಟಿ ಜೀವ, ಬಾಲ್ಕನಿಗೆ ತಂದರೆ ಬದುಕುತ್ತದೆ. ಆದರೆ ಮಾರುವವನು ಅದರ ಮಣ್ಣಿನ ಮೇಲೆ ಬಿಳಿ ಉರುಟು ಕಲ್ಲುಗಳನ್ನು ಅಂಟು ಹಾಕಿ ಕೂರಿಸಿರುತ್ತಾನೆ, ನೀರು ಒಳಗೆ ಇಳಿಯುವುದಿಲ್ಲ. ಉಡುಗೊರೆಗೆ ಬಂದಿದ್ದರೆ ಇವತ್ತೇ ಆ ಕಲ್ಲು ಕಿತ್ತು ಎಸೆಯಿರಿ. ಆನ್‌ಲೈನಿನಲ್ಲಿ ಮಾರುವ ನೀಲಿ ಮೇಪಲ್ ಬೀಜದ ಪೊಟ್ಟಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀಲಿ ಎಲೆಯ ಮೇಪಲ್ ಭೂಮಿಯ ಮೇಲೆ ಇಲ್ಲ. ಹೌದು, ನಾನೂ ಕೊಂಡಿದ್ದೆ.

2020ರ ಮಳೆಗಾಲದಲ್ಲಿ, ಮನೆಯಿಂದಲೇ ಕೆಲಸ ಶುರುವಾದಾಗ, ಬಾಲ್ಕನಿ ನನ್ನದಾಯಿತು. ಎರಡು ತಿಂಗಳಲ್ಲಿ ಒಂಬತ್ತು ಜಾತಿ ಗಿಡ ತಂದೆ. ಹೊಸಬರೆಲ್ಲ ಮಾಡುವ ಎರಡು ತಪ್ಪುಗಳನ್ನೂ ಒಟ್ಟಿಗೇ ಮಾಡಿದೆ. ಮೊದಲನೆಯದು, ಪೆನ್ಸಿಲ್ ದಪ್ಪದ ಸಸಿಗಳನ್ನು ನೇರ ಚಂದದ ಬೋನ್ಸಾಯ್ ತಟ್ಟೆಗೆ ಹಾಕಿದ್ದು. ತಟ್ಟೆಯಲ್ಲಿ ಕಾಂಡ ದಪ್ಪವಾಗುವುದಿಲ್ಲ. ದಪ್ಪ ಬೇಕಿದ್ದರೆ ನೆಲದಲ್ಲೋ ದೊಡ್ಡ ಡಬ್ಬಿಯಲ್ಲೋ ಎರಡು ಮೂರು ವರ್ಷ ಸ್ವಚ್ಛಂದ ಬೆಳೆಯಲು ಬಿಡಬೇಕು, ಆಮೇಲೆ ಕತ್ತರಿಸಿ ತಟ್ಟೆಗೆ ತರಬೇಕು. ಬೋನ್ಸಾಯ್ ಎಂದರೆ ಹುಟ್ಟಿದಾಗಿನಿಂದ ಹಿಡಿದಿಡುವುದು ಎಂದು ತಿಳಿದ ಕವಿಗಳು ಇದನ್ನು ಗಮನಿಸಬೇಕು. ಎರಡನೆಯದು, ಬೆಳಿಗ್ಗೆ ಏಳಕ್ಕೆ ಸ್ಟ್ಯಾಂಡ್-ಅಪ್ ಮೀಟಿಂಗ್ ತರಹ ಎಲ್ಲ ಗಿಡಗಳಿಗೂ ಒಂದೇ ಅಳತೆ ನೀರು. ಜುಲೈ ಮಳೆಗೆ ಅಡೀನಿಯಂ ಬುಡ ಕೊಳೆತು ಮೆತ್ತಗಾಯಿತು, ಜೇಡ್ ಎಲೆ ಉದುರಿಸಿತು. ಏಪ್ರಿಲ್ ಬಿಸಿಲಿಗೆ ಅದೇ ಒಂದು ಲೋಟ ನೀರು ಸಾಲದೆ ಕಾಮಿನಿ ಒಣಗಿತು. ಮರುವರ್ಷದ ಮೇ ಹೊತ್ತಿಗೆ ಒಂಬತ್ತರಲ್ಲಿ ಉಳಿದಿದ್ದು ಮೂರು.

ಇಲ್ಲಿ ಅನುಭವಿಗಳು ಒಂದು ಬುದ್ಧಿವಾದ ಹೇಳುತ್ತಾರೆ: ಹೊಸಬರು ಒಂದೇ ಗಿಡ ಇಟ್ಟುಕೊಳ್ಳಿ, ಅದನ್ನು ಚೆನ್ನಾಗಿ ಕಲಿಯಿರಿ, ಆಮೇಲೆ ಎರಡನೆಯದು. ಕೇಳಲು ಜಾಣತನದ ಮಾತು. ಇದನ್ನೂ ನಾನು ಒಪ್ಪುವುದಿಲ್ಲ. ಒಂದೇ ಗಿಡ ಇದ್ದರೆ ಹೊಸಬನ ಕೈ ಸುಮ್ಮನಿರುವುದಿಲ್ಲ. ಸೋಮವಾರ ಕತ್ತರಿಸುತ್ತಾನೆ, ಬುಧವಾರ ತಂತಿ ಸುತ್ತುತ್ತಾನೆ, ಭಾನುವಾರ ಬೇರು ನೋಡೋಣ ಎಂದು ಕೀಳುತ್ತಾನೆ, ನಡುವೆ ದಿನಾ ನೀರು. ಒಂದೇ ಮಗುವಿರುವ ಮನೆಯಂತೆ, ಪ್ರೀತಿಯಿಂದಲೇ ಉಸಿರು ಕಟ್ಟಿಸುತ್ತಾನೆ. ಹತ್ತು ಗಿಡ ಇದ್ದರೆ ಒಂದೊಂದಕ್ಕೂ ತಿಂಗಳುಗಟ್ಟಲೆ ನೆಮ್ಮದಿ ಸಿಗುತ್ತದೆ. ಕೆಲಸ ಮಾಡಲು ಯಾವುದೋ ಒಂದು ಸಿದ್ಧವಿರುತ್ತದೆ, ಉಳಿದವು ತಮ್ಮ ಪಾಡಿಗೆ ಬೆಳೆಯುತ್ತವೆ. ನನ್ನ ತಪ್ಪು ಹಲವು ಜಾತಿ ತಂದದ್ದರಲ್ಲಿರಲಿಲ್ಲ. ಹಲವು ಜಾತಿ ತಂದು ಎಲ್ಲವನ್ನೂ ಒಂದೇ ಜಾತಿಯಂತೆ ನೋಡಿದ್ದರಲ್ಲಿತ್ತು.

ಹಾಗಾಗಿ ಬಗೆಬಗೆಯ ಗಿಡ ಇಡಿ, ಆದರೆ ದುಡ್ಡು ಕೊಟ್ಟು ಅಲ್ಲ. ನನ್ನ ಹನ್ನೊಂದರಲ್ಲಿ ಏಳು ಪುಕ್ಕಟೆ ಬಂದವು. ಬಸರಿ ಸಿಕ್ಕಿದ್ದು ನಮ್ಮ ಸೊಸೈಟಿಯ ನೀರಿನ ಟ್ಯಾಂಕಿನ ಬಿರುಕಿನಲ್ಲಿ. ಹಕ್ಕಿ ಹಾಕಿದ ಬೀಜ. ಪ್ಲಂಬರ್ ಕಿತ್ತೆಸೆಯುವವನಿದ್ದ, ನಾನೇ ಕಿತ್ತುಕೊಂಡೆ. ಅರಳಿಯೂ ಹಾಗೆಯೇ, ಡಕ್ಟಿನ ಪೈಪಿನ ಸಂದಿಯದು. ಬಸರಿ ಎಷ್ಟು ಕತ್ತರಿಸಿದರೂ ಕವಲೊಡೆದು ಎಲೆ ಚಿಕ್ಕದು ಮಾಡಿಕೊಳ್ಳುತ್ತದೆ. ಅರಳಿ ಹಟಮಾರಿ: ಉದ್ದ ತೊಟ್ಟು, ದೊಡ್ಡ ಎಲೆ, ಕವಲೊಡೆಯಲು ಸತಾಯಿಸುತ್ತದೆ. ನನ್ನ ಅರಳಿ ಈಗಲೂ ಕೊಡೆಯ ಕಡ್ಡಿಯಂತೆಯೇ ಇದೆ. ಎದುರು ಮನೆಯ ಆಜಿ "ಘರಾತ್ ಪಿಂಪಳ್ ಲಾವೂ ನಯೇ" ಎಂದು ಇವತ್ತಿಗೂ ಮುಖ ಸಿಂಡರಿಸುತ್ತಾರೆ. ಹುಣಸೆ ಚಟ್ನಿಗೆ ತಂದ ಹಣ್ಣಿನ ಬೀಜ, ಮಗಳು ನೆಟ್ಟದ್ದು. ಅದರ ಎಲೆ ಮೊದಲೇ ಚಿಕ್ಕದು, ರಾತ್ರಿ ಮಡಚಿ ಮಲಗುತ್ತದೆ, ಹೊಸಬರಿಗೆ ಇದಕ್ಕಿಂತ ಒಳ್ಳೆಯ ಗುರುವಿಲ್ಲ. ಬೋಗನ್‌ವಿಲ್ಲಾ ಪಕ್ಕದ ಸೊಸೈಟಿ ಬೇಲಿ ತೆಗೆದಾಗ ಬಿಸಾಡಿದ ತೊಡೆ ದಪ್ಪದ ಮೋಟು. ನೀರು ಸ್ವಲ್ಪ ಬಿಗಿ ಹಿಡಿದರೆ ಹೂ ಬಿಡುತ್ತದೆ, ಸುರಿದರೆ ಬರೀ ಎಲೆ. ದಾಳಿಂಬೆಯಿಂದ ಇನ್ನೊಂದು ವಿಷಯ ಕಲಿತೆ: ಎಲೆ ಚಿಕ್ಕದಾದರೂ ಹೂವು, ಹಣ್ಣು ಚಿಕ್ಕದಾಗುವುದಿಲ್ಲ. ಒಂದಡಿ ಗಿಡದಲ್ಲಿ ಮಾಮೂಲಿ ಗಾತ್ರದ ಕಾಯಿ ಬಿಟ್ಟು, ರೆಂಬೆ ಬಾಗಿ, ಕೆಳಗೆ ಕಡ್ಡಿ ಕೊಟ್ಟು ನಿಲ್ಲಿಸಬೇಕಾಯಿತು. ಕವಳಿಯನ್ನು ಮಾತ್ರ ಆಸೆಪಟ್ಟು ಬೆಳೆಸಿದೆ. ಮೇ ತಿಂಗಳಲ್ಲಿ ಇಲ್ಲಿ ಬುಟ್ಟಿಯಲ್ಲಿ 'ಕರವಂದ' ಎಂದು ಮಾರುವ ಹಣ್ಣು, ನಮ್ಮೂರಿನ ಬೇಣದಲ್ಲಿ ಮುಳ್ಳು ಚುಚ್ಚಿಸಿಕೊಂಡು ಕಿತ್ತು ತಿಂದ ಅದೇ ಹಣ್ಣು. ಸಹ್ಯಾದ್ರಿ ಎರಡೂ ಕಡೆ ಒಂದೇ. ಬೀಜ ಉಗಿದದ್ದನ್ನೇ ನೆಟ್ಟೆ.

ಒಂದು ಎಚ್ಚರಿಕೆ. ಟ್ರೆಕ್ಕಿಂಗ್ ಹೋದಾಗ ಬಂಡೆಯ ಮೇಲಿನ ಹಳೆಯ ಗಿಡ ಕಂಡು ಗುದ್ದಲಿ ತೆಗೆಯುವವರಿದ್ದಾರೆ. ಮೀಸಲು ಅರಣ್ಯದಲ್ಲಿ ಅದು ಅಪರಾಧ. ಮೇಲಾಗಿ ಹೊಸಬನ ಕೈಯಲ್ಲಿ ಅಂಥ ಮರ ಬದುಕುವುದೂ ಇಲ್ಲ. ಗೋಡೆಯ ಬಿರುಕಿನಲ್ಲಿ ಬೇಕಾದಷ್ಟಿರುವಾಗ ಗುಡ್ಡಕ್ಕೇಕೆ ಕೈ?

ಮಣ್ಣಿನ ಬಗ್ಗೆಯೂ ಭಾವುಕತೆ ಬೇಡ. ಊರಿನ ಕೆಂಪು ಮಣ್ಣು ಚೀಲದಲ್ಲಿ ತಂದು ತಟ್ಟೆಗೆ ತುಂಬಿದವನು ನಾನು. ತಾಯ್ನೆಲದ ಮಣ್ಣು! ಎರಡು ಮಳೆಗೆ ಗಟ್ಟಿ ಹೆಂಟೆಯಾಗಿ ಬೇರು ಉಸಿರುಗಟ್ಟಿತು. ಆಳವಿಲ್ಲದ ತಟ್ಟೆಗೆ ನೀರು ಸರ್ರನೆ ಇಳಿಯುವ ಕಾಳುಕಾಳಾದ ಮಿಶ್ರಣ ಬೇಕು. ಜಪಾನಿನಿಂದ ಬರುವ ಅಕಾಡಮಾ ಮಣ್ಣಿಗೆ ದುಡ್ಡು ಸುರಿಯಬೇಡಿ. ಕಟ್ಟಡ ಕೆಲಸ ನಡೆಯದ ಬೀದಿ ಪುಣೆಯಲ್ಲಿ ಇಲ್ಲ, ಒಡೆದ ಇಟ್ಟಿಗೆ ತಂದು ಕುಟ್ಟಿ, ಪುಡಿಯನ್ನು ಜರಡಿ ಹಿಡಿದು ತೆಗೆದು, ಮೂರರಿಂದ ಆರು ಮಿಲಿಮೀಟರಿನ ಚೂರು ಉಳಿಸಿಕೊಂಡು, ಅದಕ್ಕೆ ಸ್ವಲ್ಪ ಕಾಂಪೋಸ್ಟ್ ಬೆರೆಸಿ. ಕಡಲೆಕಾಯಿ ಹಿಂಡಿ ಒಂದಿಷ್ಟು. ಊರಿನ ಮಣ್ಣಿಗಿಂತ ಪುಣೆಯ ಇಟ್ಟಿಗೆ ನನ್ನ ಗಿಡಗಳಿಗೆ ಒಗ್ಗಿತು. ಇದರಿಂದ ಯಾರಾದರೂ ಕವಿತೆ ಹೊಸೆದರೆ ನನ್ನ ಅಭ್ಯಂತರವಿಲ್ಲ.

ವಲಸೆ ಮತ್ತು ಬೋನ್ಸಾಯ್ ಒಟ್ಟಿಗೆ ಬೇಕೇ ಬೇಕೆಂದರೆ ನಿಜವಾದ ಕಥೆಗಳಿವೆ. 1923ರ ಕಾಂಟೋ ಭೂಕಂಪದಲ್ಲಿ ಟೋಕಿಯೋ ಹಾಳಾದ ಮೇಲೆ ಅಲ್ಲಿನ ಬೋನ್ಸಾಯ್ ಬೆಳೆಗಾರರು ಒಳ್ಳೆಯ ನೀರು ಗಾಳಿ ಹುಡುಕಿಕೊಂಡು ಉತ್ತರಕ್ಕೆ ಗುಳೆ ಹೊರಟು 1925ರಲ್ಲಿ ಓಮಿಯಾದಲ್ಲಿ ಒಂದು ಹಳ್ಳಿ ಕಟ್ಟಿದರು. ಅಲ್ಲಿ ನೆಲೆಸುವವರಿಗೆ ನಿಯಮ ಮಾಡಿಕೊಂಡರು: ಮನೆಗೆ ಕನಿಷ್ಠ ಹತ್ತು ಬೋನ್ಸಾಯ್ ಇರಬೇಕು, ಮನೆ ಎರಡಂತಸ್ತು ಇರಬಾರದು, ಬೇಲಿ ಗಿಡದ್ದೇ ಆಗಿರಬೇಕು, ಬಾಗಿಲು ಎಲ್ಲರಿಗೂ ತೆರೆದಿರಬೇಕು. ನಮ್ಮ ಕನ್ನಡ ಕೂಟಗಳ ಸದಸ್ಯತ್ವದ ನಿಯಮಾವಳಿಯ ಜೊತೆ ಇದನ್ನಿಟ್ಟು ಓದಿ ನೋಡಿ.

ಇನ್ನೊಂದು, ಹಿರೋಷಿಮಾದ ಯಮಾಕಿ ಕುಟುಂಬದ ಬಿಳಿ ಪೈನ್. 1625ರಿಂದ ಕುಂಡದಲ್ಲಿ ಬೆಳೆದು ಬಂದ ಮರ. 1945ರ ಆಗಸ್ಟ್ 6ರಂದು ಬಾಂಬು ಬಿದ್ದ ಜಾಗದಿಂದ ಮೂರು ಕಿಲೋಮೀಟರಿನಷ್ಟು ದೂರದಲ್ಲಿ ಒಂದು ಗೋಡೆಯ ಮರೆಯಲ್ಲಿತ್ತು, ಉಳಿಯಿತು. 1976ರಲ್ಲಿ ಮಸಾರು ಯಮಾಕಿ ಅದನ್ನು ಅಮೆರಿಕಕ್ಕೆ, ಬಾಂಬು ಹಾಕಿದ ದೇಶಕ್ಕೇ, ಉಡುಗೊರೆ ಕೊಟ್ಟರು. ಅದು ಹಿರೋಷಿಮಾ ಕಂಡ ಮರ ಎನ್ನುವುದು 2001ರಲ್ಲಿ ಅವರ ಮೊಮ್ಮಕ್ಕಳು ವಾಷಿಂಗ್ಟನ್ನಿಗೆ ಬಂದು ಹೇಳುವವರೆಗೂ ಅಲ್ಲಿಯವರಿಗೆ ಗೊತ್ತಿರಲಿಲ್ಲ. ನಾಲ್ಕು ನೂರು ವರ್ಷ, ಎಷ್ಟು ತಲೆಮಾರಿನ ಕೈಗಳು, ಎರಡು ದೇಶ. ಇದನ್ನು 'ಬೆಳವಣಿಗೆ ನಿಂತ ಬದುಕು' ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆ ಹೋಲಿಕೆಯಲ್ಲಿ ನಿಜವೇ ಇಲ್ಲವೆಂದೂ ನಾನು ಹೇಳುತ್ತಿಲ್ಲ. ಒಂದಿದೆ, ಕವಿಗಳು ಅದನ್ನು ಬಿಟ್ಟು ಬೇರೆಲ್ಲ ಹಿಡಿದರು. ಬೋನ್ಸಾಯ್ ತನ್ನ ನೀರನ್ನು ತಾನು ಹುಡುಕಿಕೊಳ್ಳಲಾರದು. ನೆಲದ ಮರ ಬರಗಾಲದಲ್ಲಿ ಬೇರನ್ನು ಇನ್ನೂ ಆಳಕ್ಕೆ ಇಳಿಸುತ್ತದೆ. ತಟ್ಟೆಯ ಮರಕ್ಕೆ ಪುಣೆಯ ಮೇ ತಿಂಗಳಲ್ಲಿ ಎರಡು ದಿನ ನೀರಿಲ್ಲದಿದ್ದರೆ ಕಥೆ ಮುಗಿಯಿತು. ಮೇ ಎಂದರೆ ನಮಗೆ ಊರಿಗೆ ಹೋಗುವ ತಿಂಗಳು. ಉಪನಯನ, ಮದುವೆ, ಮಾವಿನಹಣ್ಣು. ಮೊದಲ ವರ್ಷ ಬಾಟಲಿ ಬೋರಲು ಹಾಕಿ, ಬತ್ತಿ ಇಟ್ಟು, ಟೈಮರ್ ಕೂರಿಸಿ ಹೋದೆ. ಟೈಮರ್ ಕೈಕೊಟ್ಟಿತು, ಎರಡು ಗಿಡ ಹೋದವು. ಹಾಗಾಗಿ ಎದುರು ಮನೆಯ ಬಾಗಿಲು ಬಡಿಯಬೇಕಾಯಿತು. ಹನ್ನೆರಡು ವರ್ಷದಿಂದ ಎದುರಿಗಿದ್ದವರು, ಅದುವರೆಗೆ ಲಿಫ್ಟಿನಲ್ಲಿ ತಲೆಯಾಡಿಸಿದ್ದಷ್ಟೇ ನಮ್ಮ ಪರಿಚಯ. ಪಿಂಪಳ್ ಬೇಡ ಎಂದ ಅದೇ ಆಜಿ. ಕೀಲಿ ತೆಗೆದುಕೊಂಡರು, ಯಾವುದಕ್ಕೆ ಎಷ್ಟು ನೀರು ಎಂದು ಹಳೆಯ ಕ್ಯಾಲೆಂಡರಿನ ಹಿಂದೆ ಮರಾಠಿಯಲ್ಲಿ ಬರೆದುಕೊಂಡರು. ನಾವು ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿ ತಂದುಕೊಟ್ಟೆವು. ಆ ವರ್ಷದಿಂದ ಮೇ ತಿಂಗಳಲ್ಲಿ ಒಂದು ಗಿಡವೂ ಸತ್ತಿಲ್ಲ, ಅರಳಿ ಸಹ. ಅದಕ್ಕೆ ನೀರು ಹಾಕುವ ಮುಂಚೆ ಅವರು ಕೈ ಮುಗಿಯುತ್ತಾರಂತೆ, ಮಗಳು ಹೇಳಿದಳು.

ಮಗಳ ಪ್ರಶ್ನೆಗೆ ಗೋಷ್ಠಿಯಲ್ಲಿ ನಾನು ಉತ್ತರ ಕೊಡಲಿಲ್ಲ. ಮಾರನೆಯ ದಿನ ಭಾನುವಾರ. ಅವಳ ಹುಣಸೆಗೆ ತಂತಿ ಸುತ್ತಿ ನಾಲ್ಕು ತಿಂಗಳಾಗಿತ್ತು, ಮಳೆಗಾಲದಲ್ಲಿ ಕಾಂಡ ದಪ್ಪವಾಗಿ ತಂತಿ ತೊಗಟೆಗೆ ಕಚ್ಚಲು ಶುರುವಾಗಿತ್ತು. ಬಿಚ್ಚಬಾರದು, ಸುತ್ತಿದ ತಂತಿಯನ್ನು ಬಿಚ್ಚಲು ಹೋದರೆ ರೆಂಬೆ ಮುರಿಯುತ್ತದೆ, ಕಟರ್‌ನಿಂದ ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು. ಇಬ್ಬರೂ ಕೂತು ತೆಗೆದೆವು. ರೆಂಬೆ ಬಾಗಿಸಿದಲ್ಲೇ ನಿಂತಿತ್ತು. ತಂತಿಯ ಗುರುತು ಎಷ್ಟು ದಿನ ಇರುತ್ತದೆ ಎಂದು ಕೇಳಿದಳು. ಎರಡು ಮಳೆಗಾಲ ಇರಬಹುದು ಎಂದೆ. ಮುಂದಿನ ಜೂನಿನಲ್ಲಿ ಅದನ್ನು ಡಬ್ಬಿಯಿಂದ ಕಿತ್ತು, ಬೇರು ಸವರಿ, ಮೊದಲ ಸಲ ತಟ್ಟೆಗೆ ಹಾಕುವುದಿದೆ. ತಟ್ಟೆಯ ಬಣ್ಣ ನೀಲಿಯೇ ಇರಬೇಕೆಂದು ಅವಳ ಹಟ.